ಸ್ವಿಚ್ ಆಫ್ ಆದ್ರೆ ಕರೆಂಟ್ ಹೋಯ್ತಾ?

ಬಿ.ಜಿ. ಕೆರೆ ಕಡೆ ಶೇಂಗಾ ಚಟ್ನಿ ಇಲ್ಲದೆ ಊಟ ಮುಗಿಯೋದು ಕಡಿಮೆ. ಆ ಚಟ್ನಿ ಅರೆಯುವಾಗ ಕರೆಂಟ್ ಹೋಯ್ತು ಅಂದ್ಕೊಳ್ಳಿ. ಅಮ್ಮ ಜಾರ್ ಮುಚ್ಚಳ ತೆಗೆದು, ಅಂಚಿಗೆ ಅಂಟಿದ್ದನ್ನ ಬೆರಳಿಂದ ಕೆದಕ್ತಾರೆ. ಮಿಕ್ಸಿ ನಾಬ್ ಇನ್ನೂ 2ರಲ್ಲೇ ಇದೆ, ಗೋಡೆ ಸ್ವಿಚ್ಚೂ ಆನ್. ಅದೇ ಕ್ಷಣಕ್ಕೆ ಕರೆಂಟ್ ಬಂದ್ರೆ?

ಫೋನ್ ಸ್ಕ್ರೀನ್ ಆಫ್ ಆದ ಮಾತ್ರಕ್ಕೆ ಫೋನ್ ಆಫ್ ಆಗಲ್ಲ ಅಲ್ವಾ, ಇದೂ ಹಾಗೇ. ಮಷೀನ್ ನಿಂತಿದೆ ಅನ್ನೋದು ಬೇರೆ, ಅದಕ್ಕೆ ಕರೆಂಟ್ ಬರೋ ದಾರಿ ಕಡಿದಿದೆ ಅನ್ನೋದು ಬೇರೆ. ಮಿಕ್ಸಿ, ಗ್ರೈಂಡರ್‌ಗೆ ಕೈ ಹಾಕೋ ಮೊದಲು ನಾಬ್ ಸೊನ್ನೆಗೆ ತಂದು, ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಬೇಕು.

ಸ್ವಿಚ್ ಆಫ್ ಮಾಡಿದ ಮೇಲೂ ಪ್ಲಗ್ ಯಾಕೆ ಕೀಳಬೇಕು? ಸಾಕೆಟ್ ಪಕ್ಕದ ಸಾಮಾನ್ಯ ಸ್ವಿಚ್ ಒಂದೇ ತಂತಿಯನ್ನ ಕಡಿಯತ್ತೆ. ಅದು ಫೇಸ್ ತಂತಿಯೇ ಆಗಿರಬೇಕು. ನ್ಯೂಟ್ರಲ್ ಒಂದರಲ್ಲೇ ಸ್ವಿಚ್ ಅಥವಾ ಫ್ಯೂಸ್ ಇರಬಾರದು ಅನ್ನೋದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಆದರೆ ವೈರಿಂಗ್ ಮಾಡುವಾಗ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ರೆ, ಸ್ವಿಚ್ ಆಫ್ ಮಾಡಿದಾಗ ಮಿಕ್ಸಿ ನಿಲ್ಲತ್ತೆ, ಒಳಗಿನ ತಂತಿಯಲ್ಲಿ ಮಾತ್ರ 230 ವೋಲ್ಟ್ ಹಾಗೇ ಇರತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸೋರಿಗೆ ಅದು ಗೊತ್ತಾಗಲ್ಲ. ಪ್ಲಗ್ ಕಿತ್ತರೆ ಈ ಅನುಮಾನವೇ ಇಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಪ್ರತಿ ಸಾಕೆಟ್ಟನ್ನೂ ಸ್ವಿಚ್ ಆಫ್ ಇಟ್ಟು ಟೆಸ್ಟರ್‌ನಿಂದ ನೋಡೋಕೆ ಹೇಳಿ. ಯಾವ ತೂತಲ್ಲೂ ದೀಪ ಹೊತ್ತಬಾರದು.

ಇನ್ನೊಂದು ವಿಷಯ, ಸ್ವಿಚ್ ಇರೋ ಜಾಗ. ಒಲೆಯ ಹಿಂದಿನ ಗೋಡೆಯಲ್ಲಿದ್ರೆ, ಬೆಂಕಿ ಹತ್ತಿದಾಗ ಅದರ ಮೇಲಿಂದ ಕೈ ಚಾಚಬೇಕಾಗತ್ತೆ. ಹೊಸ ಮನೆಗಳಲ್ಲಿ ಚಿಮಣಿ, ಓವನ್ ಪ್ಲಗ್ ಕಪಾಟಿನ ಹಿಂದೆ ಮುಚ್ಚಿಹೋಗಿರತ್ತೆ. ಇಂಥದ್ದಕ್ಕೆ ಕೈಗೆಟುಕೋ ಕಡೆ, ಸಿಂಕ್ ಮತ್ತು ಒಲೆಯಿಂದ ದೂರ, ಡಬಲ್ ಪೋಲ್ ಸ್ವಿಚ್ ಹಾಕಿಸಿ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯತ್ತೆ.

ಊರಿಗೆ ಇಂಡಕ್ಷನ್ ಒಲೆ ಗಿಫ್ಟ್ ಕೊಡೋರು ಒಂದು ಲೆಕ್ಕ ಹಾಕಿ. 2000 ವ್ಯಾಟ್ ಅಂದ್ರೆ ಸುಮಾರು 8.7 ಆಂಪಿಯರ್. ಅಡಾಪ್ಟರ್ ಹಾಕಿ 6 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸಿದ್ರೆ ಸಾಕೆಟ್ ಬಿಸಿಯಾಗಿ ಕರಗಬಹುದು. ಒಲೆ ಜೊತೆಗೆ 16 ಆಂಪಿಯರ್ ಪಾಯಿಂಟ್, ಅದಕ್ಕೆ ತಕ್ಕ ದಪ್ಪದ ತಂತಿ, ಸರಿಯಾದ ಅರ್ತಿಂಗ್, ಇಷ್ಟನ್ನೂ ಮಾಡಿಸಿಕೊಡಿ.

30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂಡ ಇರಲಿ. ಕರೆಂಟ್ ಮೈಮೂಲಕ ನೆಲಕ್ಕೆ ಹರಿದ್ರೆ ಅದು ಕ್ಷಣದಲ್ಲೇ ಟ್ರಿಪ್ ಆಗತ್ತೆ. ಆದ್ರೆ ಒಂದು ಕೈ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿದ್ರೆ ಅದನ್ನ ನಂಬೋ ಹಾಗಿಲ್ಲ. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ.

ಈ ಭಾನುವಾರ ಮನೆಗೆ ವಿಡಿಯೋ ಕಾಲ್ ಮಾಡಿದಾಗ, 'ಮೇನ್ ಸ್ವಿಚ್ ಎಲ್ಲಿದೆ ತೋರ್ಸಿ' ಅಂತ ಕೇಳಿ. ಯಾರಿಗಾದ್ರೂ ಶಾಕ್ ಹೊಡೆದ್ರೆ ಅವರನ್ನ ಮುಟ್ಟೋ ಮೊದಲು ಆಫ್ ಮಾಡಬೇಕಾದ್ದು ಅದನ್ನೇ. ಅದರ ಮುಂದೆ ಜೋಳದ ಚೀಲ ಪೇರಿಸಿದ್ರೆ, ಫೋನ್ ಇಡೋ ಮೊದಲೇ ಸರಿಸೋಕೆ ಹೇಳಿ.