ಮೂಕಿಯ ಭಾರ

"ಎಳೆಯುತ್ತೆ ಬಿಡಮ್ಮ" ಎಂಬ ಮಾತಿನ ಮೇಲೆ ನನಗೆ ಸಿಟ್ಟಿದೆ. ಮೂರು ಜನ ಕೂರುವ ಆಟೋದಲ್ಲಿ ಎಂಟು ಮಕ್ಕಳನ್ನು ತುಂಬುವಾಗ ಇದನ್ನು ಕೇಳಿದ್ದೇನೆ. ಮದುವೆ ದಿಬ್ಬಣದ ವ್ಯಾನಿನ ಮೇಲೆ ಪಾತ್ರೆ, ಜಮಖಾನ, ಅದರ ಮೇಲೆ ಇಬ್ಬರು ಹುಡುಗರು ಹತ್ತಿದಾಗಲೂ ಕೇಳಿದ್ದೇನೆ. ಅದೇ ಮಾತನ್ನು ಅಮೆರಿಕದಲ್ಲಿ, ಇಂಜಿನಿಯರಿಂಗ್ ಓದಿದ ನನ್ನ ಮಗನ ಬಾಯಲ್ಲಿ ಕೇಳುತ್ತೇನೆಂದು ಮಾತ್ರ ಎಣಿಸಿರಲಿಲ್ಲ.

2022ರ ಜುಲೈ. ಮಗ, ಸೊಸೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಿಟ್ಟು ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಮನೆ ಬದಲಾಯಿಸುವವರಿದ್ದರು. ಸುಮಾರು 580 ಮೈಲಿ. ದೊಡ್ಡ ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಉಳಿದದ್ದು ಎರಡು ವಾಹನ: ಮಗನ ಎಸ್‌ಯುವಿ, ಸೊಸೆಯ ಕಾರು. ಕಾರನ್ನು ಟ್ರೈಲರಿನ ಮೇಲೆ ಹತ್ತಿಸಿ, ಎಸ್‌ಯುವಿಯ ಹಿಂದೆ ಕಟ್ಟಿಕೊಂಡು ಹೋಗುವುದೆಂದು ಮಗ ತೀರ್ಮಾನಿಸಿದ. ಟ್ರೈಲರ್ ಬಾಡಿಗೆಗೆ ಕೊಡುವವರು ಎಳೆಯುವ ಗಾಡಿ ಯಾವುದು, ಮೇಲಿಡುವ ಕಾರು ಯಾವುದು ಎಂದು ಕೇಳಿ ಬರೆದುಕೊಂಡು, ಈ ಜೋಡಿಗೆ ಕೊಡುವುದಿಲ್ಲ ಎಂದುಬಿಟ್ಟರು. ಮಗನಿಗೆ ಅವಮಾನವಾಯಿತು. 5,000 ಪೌಂಡ್ ಎಳೆಯುತ್ತದೆ ಎಂದು ಗಾಡಿಯ ಪುಸ್ತಕದಲ್ಲೇ ಅಚ್ಚಾಗಿದೆ, ಇವರದೇನು ಅಧಿಕಪ್ರಸಂಗ ಎಂದ. ಗೆಳೆಯನ ಗೆಳೆಯನಿಂದ ಒಂದು ಟ್ರೈಲರ್ ತಂದ.

ಈಗ ಲೆಕ್ಕ ನೋಡಿ. ನಾವು ಅಕ್ಕಿ ಬೇಳೆ ತೂಗಿಸಿ ತರುವ ಹೆಂಗಸರು, ಇದೇನು ನಮಗೆ ಬಾರದ ಗಣಿತವಲ್ಲ. ಕಾರಿನ ತೂಕ 3,300 ಪೌಂಡ್. ಕಬ್ಬಿಣದ ಟ್ರೈಲರಿನದೇ 2,000 ಪೌಂಡ್. ಇಲ್ಲಿಗೇ 5,300 ಆಯಿತು. ಜಾಗ ಖಾಲಿ ಏಕೆ ಬಿಡಬೇಕೆಂದು ಕಾರಿನ ಡಿಕ್ಕಿಯಲ್ಲಿ ಗ್ರೈಂಡರ್, ಕುಕ್ಕರುಗಳು, ಹಿತ್ತಾಳೆ ದೀಪ, ಎರಡು ಪೆಟ್ಟಿಗೆ ಪುಸ್ತಕ ತುಂಬಿದರು. ಒಟ್ಟು 5,500, ಅಂದರೆ ನಮ್ಮ ಎರಡೂವರೆ ಟನ್. ಎಸ್‌ಯುವಿಯ ತೂಕ ಎರಡು ಟನ್. ಎಳೆಯುವವನಿಗಿಂತ ಹೊರೆಯೇ ಭಾರ.

ಇನ್ನು ಆ 5,000 ಎಂಬ ಅಂಕಿಯ ಸಂಗತಿ. ವಾಹನ ಇಂಜಿನಿಯರುಗಳ ಸಂಘ ಎಸ್‌ಎಇ ಇದಕ್ಕೊಂದು ಪರೀಕ್ಷಾಕ್ರಮ ಮಾಡಿದೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಹನ್ನೊಂದು ಮೈಲಿಗೂ ಹೆಚ್ಚಿನ ಏರನ್ನು, ಸುಡುಬಿಸಿಲಿನಲ್ಲಿ ಏಸಿ ಹಾಕಿಕೊಂಡು, ಗಂಟೆಗೆ 40 ಮೈಲಿಗೆ ಕಡಿಮೆಯಾಗದಂತೆ ಹತ್ತಬೇಕು. ಒಳಗೆ ಇರುವವರೆಂದು ಅದು ಹಿಡಿಯುವುದು ಇಬ್ಬರನ್ನು, ತಲಾ 150 ಪೌಂಡ್. ಅತ್ತೆ, ಮೊಮ್ಮಗಳು, ಚಪಾತಿ ಡಬ್ಬಿ, ನೀರಿನ ಕ್ಯಾನು ಯಾವುದೂ ಆ ಲೆಕ್ಕದಲ್ಲಿಲ್ಲ. ಅಂಕಿ ಸುಳ್ಳಲ್ಲ, ಅದು ನಮ್ಮ ಸಂಸಾರದ ಅಂಕಿಯಲ್ಲ, ಅಷ್ಟೆ.

ಈ ಲೆಕ್ಕವೆಲ್ಲ ನಾನು ಆಮೇಲೆ ಕಲಿತದ್ದು. ಅಂದು ಬೆಳಿಗ್ಗೆ ನನ್ನ ಕಣ್ಣಿಗೆ ಬಿದ್ದದ್ದು ಒಂದೇ: ಟ್ರೈಲರ್ ಕೊಂಡಿಗೆ ಸೇರಿಸಿದ ಮೇಲೆ ಎಸ್‌ಯುವಿಯ ಹಿಂಭಾಗ ತಗ್ಗಬೇಕಿತ್ತು, ಅದು ಕೂದಲೆಳೆಯಷ್ಟು ಮೇಲೆದ್ದಿತ್ತು. ಬಾಗಿಲು ತೆಗೆಯಲು ಸಲೀಸಾಗಲೆಂದು ಕಾರನ್ನು ಟ್ರೈಲರಿನ ಹಿಂಬದಿಗೆ ನಿಲ್ಲಿಸಿದ್ದರು. ನಾನು ಮಂಡ್ಯ ಕಡೆಯವಳು, ಕಬ್ಬಿನ ಗಾಡಿಗಳ ನಡುವೆ ಬೆಳೆದವಳು. ಗಾಡಿ ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು, ಕೊರಳ ಹಗ್ಗ ಬಿಗಿದು ಎತ್ತು ಉಸಿರುಗಟ್ಟುತ್ತದೆ. ನನ್ನಪ್ಪ ಕಬ್ಬು ಹೇರಿಸಿದ ಮೇಲೆ ಮೂಕಿಯನ್ನು ಕೈಯಲ್ಲೊಮ್ಮೆ ಎತ್ತಿ ನೋಡದೆ ಎತ್ತು ಕಟ್ಟುತ್ತಿರಲಿಲ್ಲ.

"ಹಿಂಭಾರ ಆಗಿದೆ ಕಣೋ" ಎಂದೆ.

"ಅಮ್ಮ, ಇದು ಎತ್ತಿನ ಗಾಡಿಯಲ್ಲ. ಎಳೆಯುತ್ತೆ ಬಿಡಮ್ಮ."

ಅದು ಸಾಕ್ಷಾತ್ ಎತ್ತಿನ ಗಾಡಿಯೇ! ನಾವು ಮೂಕಿ ಎನ್ನುವುದನ್ನು ಇಂಗ್ಲಿಷಿನವರು ನಾಲಿಗೆ ಎನ್ನುತ್ತಾರೆ, ಟ್ರೈಲರಿಗೂ ಅದೇ ಹೆಸರು. ಹೊರೆ ಸಮೇತ ಟ್ರೈಲರಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಆ ನಾಲಿಗೆಯ ಮೇಲೆ ಕೂರಬೇಕು. ಕಡಿಮೆಯಾದರೆ ಬಾಲ ತೂಗಾಡುತ್ತದೆ. ನಮ್ಮ 5,500ಕ್ಕೆ ಕನಿಷ್ಠ 550 ಪೌಂಡ್ ಬೇಕಿತ್ತು, ನಮ್ಮ ಕೊಂಡಿ ತಾಳುವುದೋ 500. ಅಂದರೆ ಸರಿಯಾಗಿ ಹೇರಿದ್ದರೂ ತಪ್ಪೇ ಆಗುತ್ತಿತ್ತು. ಬಾಡಿಗೆಯವರು ಬೇಡವೆಂದದ್ದು ಅಧಿಕಪ್ರಸಂಗವಲ್ಲ.

ಕಾರು ಕದಲದಂತೆ ನಾಲ್ಕು ಚಕ್ರಕ್ಕೂ ಪಟ್ಟಿ ಬಿಗಿದಿದ್ದರು. ಕೊಂಡಿ ಕಳಚಿದರೂ ನಾಲಿಗೆ ರಸ್ತೆಗೆ ಬೀಳದಿರಲೆಂದು ಅದರಡಿ ಎರಡು ಸರಪಳಿಗಳನ್ನು ಕತ್ತರಿಯಾಗಿ ಹಾಕಿದ್ದರು. ಕಾಣುವುದೆಲ್ಲ ಅಚ್ಚುಕಟ್ಟು. ಕಾಣದ್ದು ಬ್ರೇಕು. ಆ ಟ್ರೈಲರಿಗೆ ತನ್ನದೇ ವಿದ್ಯುತ್ ಬ್ರೇಕ್ ಇತ್ತು. ಅದು ನಡೆಯಬೇಕಾದರೆ ಚಾಲಕನ ಕೈಗೆಟುಕುವಂತೆ ಒಂದು ನಿಯಂತ್ರಕ ಇರಬೇಕು, ಏಳು ಪಿನ್ನಿನ ಪ್ಲಗ್ ಇರಬೇಕು. ನಮ್ಮ ಗಾಡಿಯಲ್ಲಿದ್ದದ್ದು ನಾಲ್ಕು ಪಿನ್ನು, ಅದರಿಂದ ದೀಪ ಮಾತ್ರ ಹತ್ತುತ್ತದೆ. ದೀಪ ಹತ್ತಿದ್ದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಂಡರು. ನಾಲ್ಕೂವರೆ ಟನ್ನನ್ನು ನಿಲ್ಲಿಸುವ ಹೊಣೆ ಎರಡು ಟನ್ನಿನ ಗಾಡಿಯ ಬ್ರೇಕಿನ ಮೇಲೆ ಬಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯ ಮಿತಿ. ಬಯಲಿನಲ್ಲಿ ಮಗ ಅದನ್ನು ಪಾಲಿಸಿದ. "ನೋಡಿದೆಯಾ, ಹೇಗೆ ಎಳೀತಿದೆ" ಎಂದು ಎರಡು ಸಲ ಹೇಳಿದ. ಎಳೆಯಿತು, ಸಿಸ್ಕಿಯು ಕಣಿವೆಯ ಏರನ್ನೂ ಎಳೆಯಿತು. ಐದನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಅದೇ ಅತಿ ಎತ್ತರದ ಜಾಗ, 4,310 ಅಡಿ. ಅಲ್ಲಿಂದ ಆಶ್‌ಲ್ಯಾಂಡ್ ಊರಿನ ಕಡೆಗೆ ಆರೇಳು ಮೈಲಿ ಒಂದೇ ಇಳಿಜಾರು, ನೂರು ಅಡಿಗೆ ಆರಡಿಯಂತೆ. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿಯ ದಾರಿಗಳನ್ನೇ ಮಾಡಿಟ್ಟಿದ್ದಾರೆ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬರಬೇಕಿತ್ತು. ಬರಲಿಲ್ಲ. ವೇಗ ತಾನಾಗಿ ಏರಿತು. ದೊಡ್ಡದೊಂದು ಲಾರಿ ನಮ್ಮನ್ನು ದಾಟಿ ಹೋದ ಗಾಳಿಗೆ ಟ್ರೈಲರ್ ಎಡಕ್ಕೆ ಜಗ್ಗಿತು, ಬಲಕ್ಕೆ ಜಗ್ಗಿತು, ಆಮೇಲೆ ನಾವು ಕೂತಿದ್ದ ಗಾಡಿಯೇ ಮೊಸರು ಕಡೆಯುವ ಕಡೆಗೋಲಿನಂತೆ ಆಡತೊಡಗಿತು. ಮೊಮ್ಮಗಳು ಆಟವೆಂದುಕೊಂಡು ನಕ್ಕಳು.

ಮಗನ ಕಾಲು ಬ್ರೇಕಿನ ಮೇಲೆ ಹೋಯಿತು. ನನ್ನೆದುರು ಯಾವಾಗಲೂ "ರೀ" ಎನ್ನುವ ಸೊಸೆ ಏಕವಚನದಲ್ಲಿ ಕೂಗಿದಳು: "ಬ್ರೇಕ್ ಬೇಡ! ಕಾಲು ತೆಗಿ, ಸ್ಟೀರಿಂಗ್ ನೇರ ಹಿಡಿ!"

ಅವನು ಹಾಗೇ ಮಾಡಿದ. ನಾಲ್ಕೈದು ತೂಗಾಟದ ನಂತರ ಅದು ತಣ್ಣಗಾಯಿತು. ಮುಂದಿನ ಗಾಡಿ ಗಕ್ಕನೆ ನಿಂತರೆ ಹಿಂದಿನ ಹೊರೆ ನಿಲ್ಲುವುದಿಲ್ಲ, ತಳ್ಳಿ ಮಡಚಿಬಿಡುತ್ತದೆ. ಟ್ರೈಲರಿನ ಬ್ರೇಕನ್ನಷ್ಟೇ ಕೈಯಿಂದ ಒತ್ತುವಂತಿದ್ದರೆ ಅದು ಬೇಗ ನೆಟ್ಟಗಾಗುತ್ತಿತ್ತು. ನಮ್ಮದರಲ್ಲಿ ದೀಪವಷ್ಟೇ ಇತ್ತು.

ನಿನಗಿದು ಹೇಗೆ ಗೊತ್ತು ಎಂದು ಆಮೇಲೆ ಕೇಳಿದೆ. ಹಿಂದಿನ ರಾತ್ರಿ ಗಾಡಿಯ ಪುಸ್ತಕದಲ್ಲಿ ಆ ಅಧ್ಯಾಯ ಓದಿದ್ದಳಂತೆ. 5,000 ಎಂಬ ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿದ್ದದ್ದನ್ನೂ ಓದಿದ್ದಳು. ಹೇಳಿಯೂ ಇದ್ದಳಂತೆ. ಅವನ ಉತ್ತರ ನಿಮಗೆ ಗೊತ್ತೇ ಇದೆ.

ಎಷ್ಟೋ ಜನ ಹೀಗೇ ಎಳೆದುಕೊಂಡು ಹೋಗುತ್ತಾರೆ, ಯಾರಿಗೆ ಏನಾಗಿದೆ ಎಂದು ವಾದಿಸುವವರಿದ್ದಾರೆ. ಎಳೆಯುವುದು ದೊಡ್ಡದಲ್ಲ ಸ್ವಾಮಿ, ನಿಲ್ಲಿಸುವುದು ದೊಡ್ಡದು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಗಾಡಿ ಎಷ್ಟು ಭಾರ ಹೊರಬಹುದೆಂಬ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು, ನಾಲಿಗೆಯ ಭಾರ ಮೂರೂ ಸೇರಿ ಅದರೊಳಗಿರಬೇಕು. ಹೆದ್ದಾರಿಯ ಲಾರಿ ನಿಲ್ದಾಣಗಳಲ್ಲಿ ವೇ ಬ್ರಿಡ್ಜ್ ಇರುತ್ತದೆ, ಒಂದು ಊಟದ ದುಡ್ಡಿಗೆ ತೂಗಿ ಕೊಡುತ್ತಾರೆ. ನಮ್ಮಲ್ಲಿ ಕಬ್ಬಿನ ಗಾಡಿಯೂ ತೂಕವಾಗದೆ ಕಾರ್ಖಾನೆಯ ಒಳಗೆ ಹೋಗುವುದಿಲ್ಲ!

ಆದರೆ ನನ್ನ ನಿಜವಾದ ಜಗಳ ಬೇರೆ. ಆ ಕಾರು ಟ್ರೈಲರಿನ ಮೇಲೆ ಏಕಿರಬೇಕಿತ್ತು? ಅದು ಕೆಟ್ಟಿರಲಿಲ್ಲ. ಸೊಸೆ ಆರು ವರ್ಷದಿಂದ ದಿನಾ ಮೂವತ್ತು ಮೈಲಿ ಹೆದ್ದಾರಿಯಲ್ಲಿ ಅದನ್ನು ಓಡಿಸಿ ಕೆಲಸಕ್ಕೆ ಹೋಗುತ್ತಿದ್ದಳು. ದೂರದ ದಾರಿ, ಘಟ್ಟ ಬೇರೆ, ಅವಳಿಗೆ ಕಷ್ಟ ಎಂದ ಮಗ. ಅವನೊಬ್ಬನೇ ಅಂದಿದ್ದರೆ ಈ ಸಿಟ್ಟೆಲ್ಲ ಅವನಿಗೇ ಸಲ್ಲುತ್ತಿತ್ತು. "ಹೌದಮ್ಮ, ನೀನು ಮಗೂನ ನೋಡ್ಕೊಂಡು ಹಿಂದೆ ಕೂತ್ಕೊ" ಎಂದು ದನಿಗೂಡಿಸಿದವಳು ನಾನು. ಅವಳಿಗೆ ಕಷ್ಟವೋ ಎಂದು ಅವಳನ್ನು ಕೇಳಿದವರು ಯಾರೂ ಇಲ್ಲ.

ಆಶ್‌ಲ್ಯಾಂಡಿನ ಪೆಟ್ರೋಲ್ ಬಂಕಿನಲ್ಲಿ ಯಾರೂ ಮಾತಾಡಲಿಲ್ಲ. ಸೊಸೆಯೇ ಹೋಗಿ ಪಟ್ಟಿ ಸಡಿಲಿಸಿದಳು. ಮಗ ಹಲಗೆ ಇಳಿಬಿಟ್ಟ. ಕಾರು ನೆಲಕ್ಕಿಳಿಯಿತು. ಮಗುವಿನ ಸೀಟನ್ನು ಬಿಚ್ಚಿ ಕಾರಿಗೆ ಹಾಕಿದರು, ನಾನೂ ಅದರಲ್ಲೇ ಕೂತೆ. ಪೋರ್ಟ್‌ಲ್ಯಾಂಡಿಗೆ ಇನ್ನೂ 285 ಮೈಲಿ. ಮುಂದೆ ಖಾಲಿ ಟ್ರೈಲರ್ ಗಡಗಡ ಕುಣಿಯುತ್ತ ಹೋಗುತ್ತಿತ್ತು. ನಮ್ಮ ಡಿಕ್ಕಿಯಲ್ಲಿದ್ದ ಗ್ರೈಂಡರ್ ದಾರಿಯುದ್ದಕ್ಕೂ ಒಮ್ಮೆಯೂ ಸದ್ದು ಮಾಡಲಿಲ್ಲ.