ತಲಪಾಡಿಯ ಮಣ್ಣಿನ ರಾಶಿ

ರಾಜ್ಯಕ್ಕೆ ಗಡಿ ಬೇಕು, ಒಪ್ಪೋಣ. ಆಡಳಿತ ಜನರ ಭಾಷೆಯಲ್ಲಿ ನಡೆಯಲೆಂದೇ 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದವು. ಆದರೆ ಆ ಗಡಿ ಬಡವನ ದಾರಿಗೆ ಅಡ್ಡಗೋಡೆಯಾಗಬೇಕೆ? ಕಾಸರಗೋಡಿನ ದಾರಿ ಹಿಡಿದವರಿಗೆ ಈ ಪ್ರಶ್ನೆ ಏಳದಿರದು.

ಮಂಗಳೂರಿನಿಂದ ತೆಂಕಣಕ್ಕೆ ಬಸ್ಸು ಹತ್ತಿದರೆ ತಲಪಾಡಿಯಲ್ಲಿ ಕರ್ನಾಟಕ ಮುಗಿಯುತ್ತದೆ. ಮುಗಿದದ್ದು ತಿಳಿಯುವುದು ಬೋರ್ಡುಗಳಿಂದ. ತೆಂಗು ಅದೇ, ಅಡಿಕೆ ಅದೇ, ಬಸ್ಸಿನೊಳಗಿನ ತುಳು ಮಾತೂ ಅದೇ. ಗಡಿ ದಾಟಿದೊಡನೆ ಸಿಗುವ ಮಂಜೇಶ್ವರ ಗೋವಿಂದ ಪೈಗಳ ಊರು. ಕಾಸರಗೋಡು ಪೇಟೆಯಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಕಿವಿಗೆ ಬೀಳುತ್ತವೆ. ಪೇಟೆಯ ಆಚೆ ಚಂದ್ರಗಿರಿ ಹೊಳೆ. ಅಲ್ಲಿಯ ಕೋಟೆಯನ್ನು ಕಟ್ಟಿಸಿದವನು ನಮ್ಮ ಕೆಳದಿಯ ಶಿವಪ್ಪನಾಯಕ. ಈ ಹೊಳೆಯಿಂದ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ಜಾರಿಗೆ ಬರಲಿಲ್ಲ.

ಜಾರಿಗೆ ಬರಲೆಂದು ವರ್ಷವರ್ಷವೂ ಭಾಷಣ ಬಿಗಿಯುವ ನಮ್ಮ ಆಳುವವರು 2020ರ ಮಾರ್ಚಿನಲ್ಲಿ ಮಾಡಿದ್ದೇನು? ಕೊರೋನಾ ತಡೆಯುವ ಹೆಸರಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿಸಿದರು. ದೊಡ್ಡ ಕಾಯಿಲೆಗೆ ಕಾಸರಗೋಡಿನವರು ನಂಬಿದ್ದು ಮಂಗಳೂರಿನ ಆಸ್ಪತ್ರೆಗಳನ್ನು. ಅಲ್ಲಿಗೆ ಮುಟ್ಟಲಾಗದೆ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆಜ್ಞೆ ಮಾಡಿ, ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋದ ಮೇಲೆ ರೋಗಿಗಳಿಗೆ ದಾರಿ ಬಿಡಲು ಒಪ್ಪಂದವಾಯಿತು. ಆ ನೆಲ ನಮ್ಮದು, ಆ ಜನ ನಮ್ಮವರಲ್ಲ ಎಂಬುದು ಯಾವ ಕನ್ನಡಾಭಿಮಾನ?

ದಕ್ಷಿಣ ಅಮೆರಿಕದಲ್ಲಿ ಉರುಗ್ವೆ ದೇಶದ ರಿವೇರಾ ಎಂಬ ಪಟ್ಟಣವಿದೆ. ಅದಕ್ಕೆ ತಾಗಿಕೊಂಡೇ ಬ್ರೆಜಿಲಿನ ಲಿವ್ರಮೆಂತೊ. ದೇಶ ಬೇರೆ, ಒಂದೆಡೆ ಸ್ಪ್ಯಾನಿಷ್, ಇನ್ನೊಂದೆಡೆ ಪೋರ್ಚುಗೀಸ್ ನುಡಿ. ನಡುವೆ ಬೇಲಿಯಿಲ್ಲ, 1943ರಲ್ಲಿ ತೆರೆದ ಒಂದು ಉದ್ಯಾನವಿದೆ. ಜನ ಬೀದಿ ದಾಟಿದಂತೆ ದೇಶ ದಾಟುತ್ತಾರೆ. ಅದೇ 2020ರಲ್ಲಿ ಎರಡು ಸರಕಾರಗಳೂ ಕೂಡಿ ಅಲ್ಲಿ ರೋಗ ತಡೆಯುವ ಒಪ್ಪಂದ ಮಾಡಿಕೊಂಡವು. ಎರಡು ರಾಷ್ಟ್ರಗಳಿಗೆ ಸಾಧ್ಯವಾದದ್ದು ಒಂದೇ ರಾಷ್ಟ್ರದ ಎರಡು ರಾಜ್ಯಗಳಿಗೆ ಸಾಧ್ಯವಿಲ್ಲವೆ?

ಮನಸ್ಸಿದ್ದಾಗ ಸಾಧ್ಯವಾಗಿದೆ. 1973ರಲ್ಲಿ ಅಡಿಕೆಯ ಬೆಲೆ ಕಾಯಲು ಕರ್ನಾಟಕ, ಕೇರಳ ಎರಡೂ ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಘವನ್ನು ಕಟ್ಟಿದವು. ಅಡಿಕೆಗೆ ಇಲ್ಲದ ಗಡಿ ರೋಗಿಗೆ, ಕೂಲಿಗೆ ಏಕೆ?

ಭದ್ರಾವತಿಯ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಈ ಊರಿಗೆ ದುಡಿಮೆ ಅರಸಿ ಬಂದವರಲ್ಲಿ ತಮಿಳರೂ ಇದ್ದರು, ಮಲಯಾಳಿಗಳೂ ಇದ್ದರು. ಕುಲುಮೆಯ ಬಿಸಿ ಯಾರ ಮಾತೃಭಾಷೆಯನ್ನೂ ಕೇಳಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಉಪಾಧ್ಯಾಯರನ್ನೇ ಕೇರಳ ಸರಕಾರ ನೇಮಿಸಲಿ. ಇಲ್ಲಿಯ ಅನ್ಯಭಾಷೆಯ ದುಡಿಮೆಗಾರರಿಗೆ ಕರ್ನಾಟಕ ಸರಕಾರ ಅದೇ ನ್ಯಾಯ ತೋರಿಸಲಿ. ಯಾವ ಕಾಲದಲ್ಲೂ, ಯಾವ ನೆಪದಲ್ಲೂ ಆಸ್ಪತ್ರೆಯ ದಾರಿ ಮುಚ್ಚುವುದಿಲ್ಲವೆಂದು ಎರಡೂ ಸರಕಾರಗಳು ಬರೆದುಕೊಡಲಿ. ಗಡಿಯ ವ್ಯಾಜ್ಯ ಇತ್ಯರ್ಥವಾಗುವ ತನಕ ಅದಕ್ಕಾಗಿ ಕಾಯಬೇಕಾಗಿಲ್ಲ.