ವಲೆಟ್ಟಾದಲ್ಲಿ ಬ್ರೆಡ್ಡಿನ ಲೆಕ್ಕ

ತೋಪು ಹಾರಿಸುತ್ತಾರೆ ಎಂದು ಗೊತ್ತಿತ್ತು. ಎಷ್ಟು ಗಂಟೆಗೆ ಎಂದೂ ಗೊತ್ತಿತ್ತು. ಆದರೂ ‘ಢಂ’ ಎಂದಾಗ ನಾನು ಬೆಚ್ಚಿಬಿದ್ದು, ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗೆ ಬಿತ್ತು. ಹನ್ನೊಂದು ವರ್ಷದ ಮೊಮ್ಮಗಳು ಕಿಸಕ್ಕನೆ ನಕ್ಕು, “ತಾತ, ಇಷ್ಟು ಹೊತ್ತು ನನಗೇ ಹೆದರಬೇಡ ಅಂತಿದ್ರಿ!” ಎಂದಳು.

ನಾವು ನಿಂತಿದ್ದುದು ಮಾಲ್ಟಾ ದೇಶದ ರಾಜಧಾನಿ ವಲೆಟ್ಟಾದ ಅಪ್ಪರ್ ಬರಾಕ್ಕಾ ಎಂಬ ಉದ್ಯಾನದಲ್ಲಿ. ನಮ್ಮ ಕಾಲಬುಡದ ಅಂತಸ್ತಿನಲ್ಲಿ ಸಾಲು ಫಿರಂಗಿಗಳು. ಅದಕ್ಕೂ ಕೆಳಗೆ ಗ್ರ್ಯಾಂಡ್ ಹಾರ್ಬರ್ ಎಂಬ ಬಂದರಿನ ನೀಲಿ ನೀರು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಇಲ್ಲಿ ತೋಪು ಹಾರುತ್ತದೆ. ಹಿಂದೆ ಹಡಗಿನ ಕಪ್ತಾನರು ಹನ್ನೆರಡರ ತೋಪಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ನಡುಸಮುದ್ರದಲ್ಲಿ ಹಡಗು ಎಲ್ಲಿದೆ ಎಂದು ಲೆಕ್ಕ ಹಾಕಲು ಗಡಿಯಾರ ಸರಿಯಿರಬೇಕು. ನಿಮಿಷದ ತಪ್ಪು ಹಡಗನ್ನು ಮೈಲುಗಟ್ಟಲೆ ದಾರಿ ತಪ್ಪಿಸಬಲ್ಲದು.

ನಮ್ಮ ಕಿರಿಮಗನಿಗೆ ಮಾಲ್ಟಾದಲ್ಲಿ ಕೆಲಸ. ದಸರಾ ರಜೆಗೆ ನಾನು, ನನ್ನಾಕೆ, ಹಿರಿಮಗನ ಮಗಳು ಮೂವರೂ ಹೋಗಿದ್ದೆವು. ಮಗ ಬೆಳಿಗ್ಗೆ ಆಫೀಸಿಗೆ ಹೊರಟರೆ ನಾವು ಅವನ ಮನೆಯಿರುವ ಸ್ಲೀಮಾದಿಂದ ದೋಣಿ ಹತ್ತಿ ಎದುರು ದಡದ ವಲೆಟ್ಟಾಕ್ಕೆ ಹೋಗುತ್ತಿದ್ದೆವು. ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕಿರುವ ಈ ಇಡೀ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ರಾಜಧಾನಿಯಂತೂ ಒಂದು ಚದರ ಕಿಲೋಮೀಟರೂ ಇಲ್ಲ. ಹೆಬ್ಬಾಗಿಲಿನಿಂದ ಹೊರಟು ತುದಿಯ ಸೇಂಟ್ ಎಲ್ಮೋ ಕೋಟೆ ಮುಟ್ಟಲು ಇಪ್ಪತ್ತು ನಿಮಿಷದ ನಡಿಗೆ ಸಾಕು. ನಮಗೆ ಮಾತ್ರ ಒಂದು ಗಂಟೆ ಬೇಕಾಯಿತು. ಕಾರಣ, ಮೆಟ್ಟಿಲು!

ಗುಡ್ಡದ ಬೆನ್ನಿನ ಮೇಲೆ ಕಟ್ಟಿದ ಊರು ಇದು. ಉದ್ದದ ಬೀದಿಗಳು ಬೆನ್ನಿನ ಮೇಲೆ, ಅಡ್ಡಬೀದಿಗಳು ಎರಡೂ ಕಡೆ ಸಮುದ್ರಕ್ಕೆ ಇಳಿಯುತ್ತವೆ. ಎಷ್ಟೋ ಅಡ್ಡಬೀದಿಗಳು ಬರೀ ಮೆಟ್ಟಿಲುಗಳೇ. ಇಂಗ್ಲಿಷ್ ಕವಿ ಬೈರನ್ ಇಲ್ಲಿಂದ ಹೊರಡುವಾಗ ಬರೆದ ಪದ್ಯದಲ್ಲಿ ಈ ಮೆಟ್ಟಿಲುಗಳಿಗೆ ಶಾಪ ಹಾಕಿದ್ದಾನೆ. ಅವನಿಗೆ ಒಂದು ಕಾಲು ಊನ. ನನ್ನಾಕೆಗೆ ಎರಡೂ ಮಂಡಿ ನೋವು. “ಅವನು ಬರೆದದ್ದು ಸರಿಯಾಗೇ ಇದೆ” ಎಂದಳು. ಪುಣ್ಯಕ್ಕೆ ಬಂದರಿನಿಂದ ಬರಾಕ್ಕಾ ಉದ್ಯಾನಕ್ಕೆ 58 ಮೀಟರ್ ಎತ್ತರದ ಲಿಫ್ಟ್ ಇದೆ. ವಯಸ್ಸಾದವರು ಹೋದರೆ ಮೊದಲು ಅದನ್ನು ಹುಡುಕಿಕೊಳ್ಳಿ.

ಈ ಊರು ಹುಟ್ಟಿದ್ದೇ ಒಂದು ಮುತ್ತಿಗೆಯಿಂದ. 1565ರಲ್ಲಿ ತುರ್ಕಿಯ ಆಟೊಮನ್ ಸೇನೆ ದ್ವೀಪವನ್ನು ಮುತ್ತಿತು. ಸೇಂಟ್ ಜಾನ್ ಪಂಥದ ನೈಟ್‌ಗಳು ಎಂಬ ಸಂನ್ಯಾಸಿ ಯೋಧರೂ ಮಾಲ್ಟಾದ ಜನರೂ ಸೇರಿ, ತಮಗಿಂತ ಎಷ್ಟೋ ಪಟ್ಟು ದೊಡ್ಡದಿದ್ದ ಸೇನೆಯನ್ನು ಸೆಪ್ಟೆಂಬರ್ 8ರವರೆಗೆ ತಡೆದು ನಿಲ್ಲಿಸಿದರು. ಮರುವರ್ಷವೇ, 1566ರಲ್ಲಿ, ಅವರ ನಾಯಕ ಜಾನ್ ದ ಲಾ ವಲೆಟ್ ಹೊಸ ಊರಿಗೆ ಅಡಿಗಲ್ಲು ಹಾಕಿದ. ಅವನ ಹೆಸರೇ ಊರಿಗೆ ಬಂತು. ಬೀದಿಗಳನ್ನೆಲ್ಲ ಚದುರಂಗದ ಮಣೆಯಂತೆ ಗೆರೆ ಎಳೆದು ಹಾಕಿದರು. ದ್ವೀಪದಲ್ಲಿ ನದಿಯೇ ಇಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಮಳೆನೀರಿನ ತೊಟ್ಟಿ ಇರಲೇಬೇಕು ಎಂದು ನಿಯಮ ಮಾಡಿದರು. ಮಳೆಕೊಯ್ಲಿನ ಬಗ್ಗೆ ನಾವು ಈಗ ಭಾಷಣ ಮಾಡುತ್ತಿದ್ದೇವೆ. ಅವರು ನಾನೂರೈವತ್ತು ವರ್ಷದ ಹಿಂದೆಯೇ ಕಟ್ಟಿಸಿದ್ದರು.

ಸೇಂಟ್ ಜಾನ್ ಕೋ-ಕೆಥೆಡ್ರಲ್ ನೋಡದೆ ಬರಬಾರದು. ಹೊರಗೆ ಸಾದಾ ಕಲ್ಲಿನ ಗೋಡೆ, ಒಳಗೆ ಕಣ್ಣು ಕೋರೈಸುವ ಚಿನ್ನದ ಕೆಲಸ. ನೆಲವೆಲ್ಲ ಬಣ್ಣಬಣ್ಣದ ಅಮೃತಶಿಲೆ. ಸುಮಾರು ನಾನೂರು ನೈಟ್‌ಗಳ ಸಮಾಧಿ ಫಲಕಗಳೇ ಆ ನೆಲ. ಫಲಕ ಹಾಳಾಗಬಾರದೆಂದು ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ಕಾರವಾಜ್ಜೋ ಎಂಬ ಮಹಾನ್ ಚಿತ್ರಕಾರ 1608ರಲ್ಲಿ ಬರೆದ ಒಂದು ಗೋಡೆಯಷ್ಟು ದೊಡ್ಡ ಚಿತ್ರ ಇಲ್ಲಿದೆ. ಅವನು ಸಹಿ ಹಾಕಿದ ಒಂದೇ ಚಿತ್ರ ಅದು. ಸಂತನ ಶಿರಚ್ಛೇದದ ದೃಶ್ಯ. ಚಿಕ್ಕ ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಡುವುದು ಒಳ್ಳೆಯದು.

ಇನ್ನು ಊಟದ ವಿಷಯ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಇಲ್ಲಿನ ಬೀದಿ ತಿಂಡಿ ಪಸ್ತೀಟ್ಸಿ. ಪದರ ಪದರವಾದ ಗರಿಗರಿ ಹೊದಿಕೆಯೊಳಗೆ ರಿಕೋಟಾ ಎಂಬ ಮೆತ್ತನೆಯ ಚೀಸೋ ಬೇಯಿಸಿ ಅರೆದ ಬಟಾಣಿಯೋ ಇರುತ್ತದೆ. ಬಟಾಣಿಯದು ತಿಂದಾಗ ನಮ್ಮ ಬೇಕರಿಯ ಪಫ್ಸ್ ನೆನಪಾಯಿತು. ಕೆಲವು ಕಡೆ ಹಿಟ್ಟಿಗೆ ಹಂದಿಕೊಬ್ಬು ಸೇರಿಸುವುದುಂಟು, ಕೇಳಿ ತೆಗೆದುಕೊಳ್ಳಿ. ಖರ್ಜೂರದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದ ಇಮ್‌ಆರೆಟ್ ತಿಂದರೆ ನಮ್ಮ ಕರ್ಜಿಕಾಯಿಯ ದೂರದ ನೆಂಟ ಸಿಕ್ಕಂತೆ. ಕಿನ್ನಿ ಎಂಬ ಕಹಿ ಕಿತ್ತಳೆಯ ಪಾನೀಯ ಮೊದಲ ಗುಟುಕಿಗೆ ಕಷಾಯ, ನಾಲ್ಕನೆಯ ಗುಟುಕಿಗೆ ಅಭ್ಯಾಸ. ಮಾಂಸಾಹಾರಿಗಳಿಗೆ ಮೊಲದ ಸಾರು ಇಲ್ಲಿನ ಹೆಸರುವಾಸಿ ಅಡುಗೆ.

ಆದರೆ ಮಾಲ್ಟಾದವರ ಜೀವ ಇರುವುದು ಬ್ರೆಡ್ಡಿನಲ್ಲಿ. ಫ್ತೀರಾ ಎಂಬ ಚಪ್ಪಟೆ ಬ್ರೆಡ್ 2020ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿದೆ. ಮೇಲೆ ಗಟ್ಟಿ ಸಿಪ್ಪೆ, ಒಳಗೆ ಮೃದು. ಸೀಳಿ, ಟೊಮೆಟೊ ತಿಕ್ಕಿ, ಆಲಿವ್ ಎಣ್ಣೆ ಸುರಿದು, ಆಲಿವ್ ಕಾಯಿ, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ತುಂಬುತ್ತಾರೆ. ಟ್ಯೂನಾ ಮೀನು ಬೇಡ ಎಂದು ಮೊದಲೇ ಹೇಳಬೇಕು. ತೋಪಿನ ದಿನ ಮಧ್ಯಾಹ್ನ ಮೂವರೂ ಅದನ್ನೇ ತರಿಸಿದೆವು. ಮೊಮ್ಮಗಳು ಅರ್ಧ ತಿಂದು ತಟ್ಟೆ ದೂಡಿದಳು. “ಸಿಪ್ಪೆ ಗಟ್ಟಿ, ಆಲಿವ್ ಕಹಿ, ಸಾಕು.” ನಾನು ಅರವತ್ತರ ದಶಕದ ರೇಷನ್ ಅಂಗಡಿಯ ಸಾಲಿನ ಕಥೆ ಶುರುಮಾಡಿದೆ. ನನ್ನಾಕೆ ಕಣ್ಣಲ್ಲೇ ಸಾಕು ಮಾಡಿ ಎಂದಳು. ಸುಮ್ಮನಾದೆ. ಅರ್ಧ ಫ್ತೀರಾ ತಟ್ಟೆಯಲ್ಲೇ ಉಳಿಯಿತು.

ಮರುದಿನ ಹೆಬ್ಬಾಗಿಲಿನ ಹೊರಗಿನ ಫ್ಲೋರಿಯಾನಾಕ್ಕೆ ಹೋದೆವು. ಅಲ್ಲೊಂದು ದೊಡ್ಡ ಬಯಲು. ನೆಲದಲ್ಲಿ ಸಾಲಾಗಿ ದುಂಡನೆಯ ಕಲ್ಲು ಮುಚ್ಚಳಗಳು. ಮೊಮ್ಮಗಳು ಒಂದರಿಂದ ಒಂದಕ್ಕೆ ಕುಂಟಾಬಿಲ್ಲೆ ಆಡುತ್ತ ಹೋದಳು. ಅವು ನೈಟ್‌ಗಳ ಕಾಲದ ಧಾನ್ಯದ ಗುಂಡಿಗಳ ಬಾಯಿ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳ ತುಂಬಿ ಮಣ್ಣು ಮುಚ್ಚುತ್ತಿದ್ದ ಹಗೇವು ನೆನಪಿರುವವರಿಗೆ ತಟ್ಟನೆ ಅರ್ಥವಾಗುತ್ತದೆ. ಇಲ್ಲಿ ಬೆಳೆಯುವ ಧಾನ್ಯ ಜನಕ್ಕೆ ಸಾಲದು. ಹಡಗಿನಲ್ಲಿ ಬರಬೇಕು, ಬಂದಾಗ ಕೂಡಿಡಬೇಕು. 1919ರ ಜೂನ್ 7ರಂದು ಬ್ರೆಡ್ಡಿನ ಬೆಲೆ ಏರಿಕೆಯಿಂದಲೂ ರೊಚ್ಚಿಗೆದ್ದ ಜನ ವಲೆಟ್ಟಾದ ಬೀದಿಗಿಳಿದಾಗ ಶುರುವಾದ ಗಲಭೆಯಲ್ಲಿ ಬ್ರಿಟಿಷ್ ಸೈನಿಕರ ಕೈಯಲ್ಲಿ ನಾಲ್ವರು ಬಲಿಯಾದರು. ಇಂದಿಗೂ ಆ ದಿನ ರಾಷ್ಟ್ರೀಯ ರಜೆ.

ಅಲ್ಲಿಂದ ಊರಿನ ಇನ್ನೊಂದು ತುದಿಗೆ, ಲೋವರ್ ಬರಾಕ್ಕಾ ಉದ್ಯಾನದ ಹತ್ತಿರ ಬಂದೆವು. ಬಂದರಿನ ಬಾಯಿಗೆ ಎದುರಾಗಿ ಕಂಬಗಳ ಮಂಟಪ, ಅದರಲ್ಲಿ ಭಾರಿ ಕಂಚಿನ ಗಂಟೆ. ಇದೂ ಹನ್ನೆರಡಕ್ಕೇ ಬಾರಿಸುತ್ತದೆ. ಈ ಸಲ ನಾನು ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಆದರೆ ಈ ಸದ್ದು ಬೆಚ್ಚಿಬೀಳಿಸುವಂಥದ್ದಲ್ಲ. ನಿಧಾನವಾಗಿ ನೀರಿನ ಮೇಲೆ ಹರಡಿಕೊಂಡು ಹೋಗುತ್ತದೆ. 1940ರಿಂದ 1943ರವರೆಗಿನ ಎರಡನೆಯ ಮುತ್ತಿಗೆಯಲ್ಲಿ ಸತ್ತ ಏಳು ಸಾವಿರ ಜನರ ನೆನಪಿಗೆ ಈ ಗಂಟೆ.

ಮೊಮ್ಮಗಳು ಕೇಳಿದಳು, ನಾನು ಹೇಳಿದೆ. ಆಗ ಮಾಲ್ಟಾ ಬ್ರಿಟಿಷರ ಕೈಯಲ್ಲಿತ್ತು. ಜರ್ಮನಿ, ಇಟಲಿಯ ವಿಮಾನಗಳು ಹಗಲೂ ರಾತ್ರಿ ಬಾಂಬು ಸುರಿದವು. ಸರಕಿನ ಹಡಗುಗಳನ್ನು ದಾರಿಯಲ್ಲೇ ಮುಳುಗಿಸಿದವು. 1942ರಲ್ಲಿ ಬ್ರೆಡ್ಡಿಗೂ ರೇಷನ್ ಬಂತು. ಜನ ತಮ್ಮ ಪಾಲಿನ ರೇಷನ್ನಿನ ಒಂದಂಶ ಕೊಟ್ಟು ಸರ್ಕಾರಿ ಅಡುಗೆಮನೆಗಳ ಮುಂದೆ ಪಾತ್ರೆ ಹಿಡಿದು ನಿಂತರು. ಅಧಿಕಾರಿಗಳು ಗುಟ್ಟಾಗಿ ಒಂದು ಲೆಕ್ಕ ಹಾಕಿದರು: ಇರುವ ಹಿಟ್ಟು ಎಷ್ಟು, ಎಣ್ಣೆ ಎಷ್ಟು, ದಿನದ ಖರ್ಚು ಎಷ್ಟು, ಹೊಸ ಹಡಗು ಬಾರದಿದ್ದರೆ ಯಾವ ತಾರೀಖಿಗೆ ಎಲ್ಲ ಮುಗಿದು ಶರಣಾಗಬೇಕಾಗುತ್ತದೆ? ಅದಕ್ಕೆ ‘ಟಾರ್ಗೆಟ್ ಡೇಟ್’ ಎಂದು ಹೆಸರು. ಆಗಸ್ಟಿನಲ್ಲಿ 14 ಸರಕು ಹಡಗುಗಳು ಹೊರಟವು. 9 ಮುಳುಗಿದವು, 5 ತಲುಪಿದವು. ಕೊನೆಯದು ಎಣ್ಣೆ ಹೊತ್ತ ‘ಒಹಾಯೊ’. ಅರೆ ಮುಳುಗಿದ್ದ ಅದನ್ನು ಯುದ್ಧನೌಕೆಗಳು ಎರಡೂ ಪಕ್ಕದಿಂದ ಹಿಡಿದುಕೊಂಡು, ಪೆಟ್ಟು ತಿಂದವನನ್ನು ಗೆಳೆಯರು ಹೆಗಲು ಕೊಟ್ಟು ಕರೆತರುವಂತೆ ಈ ಬಂದರಿಗೆ ತಂದವು. ಅಂದು ಆಗಸ್ಟ್ 15, ಅವರ ಸಾಂತಾ ಮರಿಯಾ ಹಬ್ಬ. ದ್ವೀಪ ಉಳಿಯಿತು.

ಮೊಮ್ಮಗಳು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: “ತಾತ, ಆ ಮೂಟೆ ಎಣಿಸಿದವರು ತಪ್ಪು ಎಣಿಸಿದ್ರೆ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಡಗಿನವರ ಬಗ್ಗೆ ಓದಿದ್ದೆ, ವಿಮಾನದವರ ಬಗ್ಗೆ ಓದಿದ್ದೆ. ಯಾವುದೋ ಉಗ್ರಾಣದಲ್ಲಿ, ಮಂದ ದೀಪದಲ್ಲಿ, ಪೆನ್ಸಿಲ್ ಹಿಡಿದು ಹಿಟ್ಟಿನ ಮೂಟೆ ಎಣಿಸಿ ಕೂಡಿಸಿದ ಗುಮಾಸ್ತ ನನ್ನ ತಲೆಗೇ ಬಂದಿರಲಿಲ್ಲ. ನಾನೇ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು! ಒಂದು ರೂಪಾಯಿ ಹೆಚ್ಚುಕಮ್ಮಿ ಬಂದರೂ ರಾತ್ರಿ ಒಂಬತ್ತಾದರೂ ಲೆಡ್ಜರ್ ಮುಚ್ಚುತ್ತಿರಲಿಲ್ಲ. ಹೀಗೆ ಮಕ್ಕಳ ಎಷ್ಟು ಶಾಲಾ ವಾರ್ಷಿಕೋತ್ಸವಗಳು ನನಗೆ ತಪ್ಪಿದವೋ. “ಒಂದು ರೂಪಾಯಿ ನಮ್ಮ ಕೈಯಿಂದ ಹಾಕಿ ಎದ್ದು ಬರಬಾರದಾ?” ಎಂದು ನನ್ನಾಕೆ ಕೇಳುತ್ತಿದ್ದಳು. ಸರಿಯಾದ ಉತ್ತರ ನನಗೆ ಗೊತ್ತಿರಲಿಲ್ಲ. ‘ನಿಯಮ’ ಎನ್ನುತ್ತಿದ್ದೆ.

“ತಪ್ಪು ಎಣಿಸಿದ್ದರೆ ಬೇಗ ಶರಣಾಗುತ್ತಿದ್ದರು. ಇಲ್ಲವೇ ಹಸಿದು ಸಾಯುತ್ತಿದ್ದರು” ಎಂದೆ. ನನ್ನಾಕೆ ಮಂಡಿ ನೀವಿಕೊಳ್ಳುತ್ತ ಮೊಮ್ಮಗಳಿಗೆ ಹೇಳಿದಳು: “ಈಗ ಗೊತ್ತಾಯ್ತಾ, ನಿಮ್ಮ ತಾತ ಯಾಕೆ ತಡವಾಗಿ ಮನೆಗೆ ಬರ್ತಿದ್ರು ಅಂತ?” ಮಾತು ಹೇಳಿದ್ದು ಅವಳಿಗೆ. ನನಗೆ ಕೇಳಲಿ ಎಂದು ಎಂಬುದು ನನಗೆ ಗೊತ್ತು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟ್ ಅದೇ.

ಕೊನೆಯ ಸಂಜೆ ಮಗ ಆಫೀಸಿನಿಂದ ಬೇಗ ಬಂದು, “ಇವತ್ತು ವಲೆಟ್ಟಾ ರಾತ್ರಿ ನೋಡೋಣ” ಎಂದ. ಕರೆದುಕೊಂಡು ಹೋದದ್ದು ಸ್ಟ್ರೇಟ್ ಸ್ಟ್ರೀಟಿಗೆ. ಹೆಸರಿನ ಅರ್ಥ ಇಕ್ಕಟ್ಟು ಬೀದಿ. ಬ್ರಿಟಿಷ್ ನೌಕಾಪಡೆಯ ಕಾಲದಲ್ಲಿ ನಾವಿಕರ ಮದ್ಯದಂಗಡಿ, ಹಾಡು, ಕುಣಿತ, ಹೊಡೆದಾಟಕ್ಕೆ ಕುಖ್ಯಾತ. 1979ರ ಮಾರ್ಚ್ 31ರಂದು ಬ್ರಿಟಿಷ್ ಪಡೆ ಹೊರಟುಹೋದ ಮೇಲೆ ಬಾಗಿಲುಗಳು ಮುಚ್ಚಿ ಬೀದಿ ಬಿಕೋ ಎಂದಿತು. ಈಚಿನ ವರ್ಷಗಳಲ್ಲಿ ಮತ್ತೆ ಜೀವ ಬಂದಿದೆ. “ಮಗು ಕರ್ಕೊಂಡು ಇಂಥ ಕಡೆಗಾ?” ಎಂದು ನಾನು ಗೊಣಗಿದೆ. ಹೋಗಿ ನೋಡಿದರೆ ಹಳೆಯ ಬಣ್ಣ ಮಾಸಿದ ನಾಮಫಲಕಗಳ ಕೆಳಗೆ ಮೇಜು ಕುರ್ಚಿ ಹಾಕಿಕೊಂಡು ಸಂಸಾರಗಳೇ ಊಟಕ್ಕೆ ಕೂತಿವೆ. ಹತ್ತಿರದ ಮೆಟ್ಟಿಲು ಬೀದಿಯಲ್ಲಿ ಮೆಟ್ಟಿಲಿಗೊಂದೊಂದು ದಿಂಬು ಹಾಕಿದ್ದರು. ಕೆಳಗೆ ಜಾಝ್ ವಾದ್ಯ ನುಡಿಸುತ್ತಿದ್ದರು. ಹಗಲೆಲ್ಲ ಬೈಸಿಕೊಂಡ ಮೆಟ್ಟಿಲ ಮೇಲೆ ನನ್ನಾಕೆ ಆರಾಮಾಗಿ ಕೂತು ತಾಳ ಹಾಕಿದಳು. ಒಂದು ಮಾತು: ತೀರ ತಡವಾದರೆ ಕುಡಿದವರ ಗದ್ದಲ ಇರುತ್ತದೆ. ಮಕ್ಕಳಿದ್ದರೆ ಒಂಬತ್ತೂವರೆಗೆ ಎದ್ದುಬಿಡಿ.

ಹೊರಡುವವರಿಗೆ ಎರಡು ಮಾತು. ಷೆಂಗೆನ್ ವೀಸಾ ಬೇಕು. ಯೂರೋ ನಡೆಯುತ್ತದೆ. ಇಂಗ್ಲಿಷ್ ಅಲ್ಲಿಯ ಅಧಿಕೃತ ಭಾಷೆಗಳಲ್ಲೊಂದು, ತೊಂದರೆಯಿಲ್ಲ. ಮಾಲ್ಟೀಸ್ ಭಾಷೆ ಅರಬ್ಬಿಯ ಬಳಗದ್ದು, ಲಿಪಿ ಮಾತ್ರ ಇಂಗ್ಲಿಷಿನಂಥದ್ದು. ‘ಗ್ರಾಟ್ಸಿ’ ಅಂದರೆ ಧನ್ಯವಾದ. ‘ಸಹ್ಹಾ’ ಅಂದರೆ ಆರೋಗ್ಯ. ಹೊರಡುವಾಗ ‘ಬರ್ತೀನಿ’ ಎನ್ನಲೂ ಅದೇ ಪದ.

ಆ ರಾತ್ರಿ ಮೊಮ್ಮಗಳು ತಾನಾಗಿಯೇ ಫ್ತೀರಾ ಕೇಳಿದಳು. ಆಲಿವ್ ಬೇಡ ಎಂದಳು, ಅದು ಅವಳ ಹಕ್ಕು. ಗಟ್ಟಿ ಸಿಪ್ಪೆಯನ್ನು ಕಡಿದು ಕಡಿದು ನಿಧಾನವಾಗಿ ಮುಗಿಸಿದಳು. ಆಮೇಲೆ ಬಿಲ್ ತೆಗೆದುಕೊಂಡು ಬೆರಳಲ್ಲಿ ಕೂಡಿಸಿ ನೋಡಿ, ಖಾಲಿ ತಟ್ಟೆಯನ್ನು ನನ್ನ ಕಡೆ ಓರೆಮಾಡಿ ತೋರಿಸಿ ಹೇಳಿದಳು:

“ತಾತ, ಟ್ಯಾಲಿ ಆಯ್ತು.”